ಓಡುತ್ತಿರುವ ಪ್ರೋಗ್ರಾಂ, ಕೈಯಲ್ಲಿರುವ ಸೋರ್ಸ್ ಕೋಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಅಂಗಡಿ, ಸೌಹಾರ್ದ ಸಹಕಾರಿ, ಕೋಲ್ಡ್ ಸ್ಟೋರೇಜ್ ಮತ್ತು ಸಣ್ಣ ಕಾರ್ಖಾನೆಗಳಲ್ಲಿ ಊರಿನ ಪ್ರೋಗ್ರಾಮರ್‌ಗಳೇ ಬರೆದುಕೊಟ್ಟ ಸಾಫ್ಟ್‌ವೇರ್ ಇಂದಿಗೂ ನಡೆಯುತ್ತಿದೆ. ಅವುಗಳ ಮಾಲೀಕರೂ ಅವನ್ನು ನೋಡಿಕೊಳ್ಳುವವರೂ ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಮೊದಲ ಭಾಗ ಮಾಲೀಕರಿಗೆ, ನಂತರದ ಭಾಗಗಳು ಹೆಚ್ಚಾಗಿ ಪ್ರೋಗ್ರಾಮರ್‌ಗಳಿಗೆ ಉಪಯೋಗವಾಗುವಂಥವು.

## ಮಾಲೀಕರು ಮೊದಲು ಕೇಳುವವು

ಪ್ರೋಗ್ರಾಂ ಚಲೋ ನಡದೈತಿ. ಸೋರ್ಸ್ ಕೋಡ್ ನಮಗ್ಯಾಕ ಬೇಕ್ರಿ?

ಪ್ರೋಗ್ರಾಮರ್ ಬರೆಯುವುದು ಮನುಷ್ಯರು ಓದಬಹುದಾದ ಸೋರ್ಸ್ ಕೋಡ್. ಅದನ್ನು ಕಂಪೈಲರ್ ಮೂಲಕ ಹಾಯಿಸಿದಾಗ ಸಿಗುವುದೇ ನಿಮ್ಮ ಕಂಪ್ಯೂಟರಿನಲ್ಲಿರುವ ಇಎಕ್ಸ್‌ಇ ಫೈಲ್. ನಡೆಸುವುದಕ್ಕೆ ಇಎಕ್ಸ್‌ಇ ಸಾಕು, ತಿದ್ದುವುದಕ್ಕೆ ಸೋರ್ಸ್ ಬೇಕೇ ಬೇಕು. ಉದ್ಯಮಬಾಗದ ಫೌಂಡ್ರಿಯವರಿಗೆ ಹೇಳುವುದಾದರೆ, ಎರಕದ ಭಾಗ ಕೈಯಲ್ಲಿದ್ದು ಅದರ ಪ್ಯಾಟರ್ನ್ ಕಳೆದುಹೋದ ಸ್ಥಿತಿ ಇದು.

ತಿದ್ದುವ ಅಗತ್ಯ ಸಾಮಾನ್ಯವಾಗಿ ಹೊರಗಿನಿಂದ, ತಾರೀಖು ಹೊತ್ತುಕೊಂಡೇ ಬರುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಬಿಲ್ಲಿಂಗ್ ಪ್ರೋಗ್ರಾಂಗಳೆಲ್ಲ ಬದಲಾಗಬೇಕಾಯಿತು. 2025ರ ಸೆಪ್ಟೆಂಬರ್ 22ರಿಂದ ದರಗಳು ಮತ್ತೆ ಬದಲಾದವು. ಸಿದ್ಧ ಉಡುಪಿಗೆ ಮೊದಲು 1,000 ರೂಪಾಯಿವರೆಗೆ ಶೇ. 5, ಅದಕ್ಕಿಂತ ಮೇಲ್ಪಟ್ಟರೆ ಶೇ. 12 ಇತ್ತು, ಈಗ ಮಿತಿ 2,500 ರೂಪಾಯಿಗೆ ಏರಿ, ಅದನ್ನು ಮೀರಿದ ಉಡುಪಿಗೆ ಶೇ. 18 ಆಗಿದೆ. ತೆರಿಗೆಯ ದರವನ್ನು ಒಂದು ಮಾಸ್ಟರ್ ಪರದೆಯಲ್ಲಿ ತಿದ್ದುವ ಸೌಲಭ್ಯವಿರುವ ಪ್ರೋಗ್ರಾಂನಲ್ಲಿಯೂ ಆ 1,000 ಎಂಬ ಮಿತಿಯನ್ನು ಕೋಡಿನೊಳಗೇ ಬರೆದಿದ್ದರೆ, ಸೋರ್ಸ್ ಇಲ್ಲದ ಖಡೇಬಜಾರಿನ ಬಟ್ಟೆ ಅಂಗಡಿಯವರು ಅದನ್ನು ಮುಟ್ಟುವಂತಿಲ್ಲ.

ಸೋರ್ಸ್ ನಮ್ಮ ಹತ್ರ ಐತಿ ಅಂತಾರ. ಅದು ಓಡೂ ಪ್ರೋಗ್ರಾಮಿಗೆ ಹೊಂದೂದಿಲ್ಲ ಅಂದ್ರ ಏನರ್ಥ?

ಇದ್ದ ಸೋರ್ಸನ್ನು ಕಂಪೈಲ್ ಮಾಡಿದರೆ ಬರುವ ಪ್ರೋಗ್ರಾಂ ಮತ್ತು ನಿಮ್ಮ ಮೇಜಿನ ಮೇಲೆ ಓಡುತ್ತಿರುವ ಪ್ರೋಗ್ರಾಂ ಬೇರೆ ಬೇರೆ ಎಂದರ್ಥ. ಸೋರ್ಸ್ ಪೂರ್ತಿ ಕಳೆದುಹೋಗುವುದಕ್ಕಿಂತ ಇದು ಹೆಚ್ಚು ಅಪಾಯದ್ದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಳೆದುಹೋದದ್ದು ತಕ್ಷಣ ತಿಳಿಯುತ್ತದೆ, ಹೊಂದದಿರುವುದು ಮುಂದಿನ ತಿದ್ದುಪಡಿಯವರೆಗೆ ತಿಳಿಯುವುದೇ ಇಲ್ಲ.

ಹೀಗಾಗಲು ಯಾರ ದುರುದ್ದೇಶವೂ ಬೇಕಿಲ್ಲ. ಮಾರ್ಚ್ ಕೊನೆಯ ವಾರ ಬಡ್ಡಿ ಲೆಕ್ಕದಲ್ಲಿ ತೊಡಕು ಬರುತ್ತದೆ. ಪ್ರೋಗ್ರಾಮರ್ ತನ್ನ ಲ್ಯಾಪ್‌ಟಾಪ್ ತಂದು ನಿಮ್ಮ ಕೌಂಟರಿನಲ್ಲೇ ತಿದ್ದಿ, ಇಎಕ್ಸ್‌ಇ ಹಾಕಿ ಹೋಗುತ್ತಾನೆ. ತಿದ್ದಿದ ಕೋಡ್ ಆ ಲ್ಯಾಪ್‌ಟಾಪಿನ ಯಾವುದೋ ಫೋಲ್ಡರಿನಲ್ಲಿ ಉಳಿಯುತ್ತದೆ, ಕಚೇರಿಯ ಮೂಲಪ್ರತಿಗೆ ಸೇರುವುದಿಲ್ಲ. ಮುಂದಿನ ವರ್ಷ ಹೊಸ ವರದಿಯೊಂದನ್ನು ಸೇರಿಸಲು ಕಚೇರಿಯ ಪ್ರತಿಯಿಂದಲೇ ಕಂಪೈಲ್ ಮಾಡಿದಾಗ ಬಡ್ಡಿಯ ಹಳೆಯ ತಪ್ಪು ಸದ್ದಿಲ್ಲದೆ ಮರಳಿ ಬಂದಿರುತ್ತದೆ. ಒಮ್ಮೆ ಸರಿಪಡಿಸಿದ ತಪ್ಪು ಮರಳಿ ಬಂದಿದೆ ಎಂದು ಗುಮಾಸ್ತರು ಹೇಳಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಫೋಲ್ಡರುಗಳ ಹೆಸರು ಇನ್ನೊಂದು ಕಾರಣ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಹೊಸದು ಸರಿಯಾದದ್ದು’ ಎಂಬ ಮೂರು ಫೋಲ್ಡರುಗಳಿದ್ದಾಗ ಯಾವುದರಿಂದ ಇಎಕ್ಸ್‌ಇ ಹುಟ್ಟಿತೆಂದು ಬರೆದವರಿಗೂ ಆರು ತಿಂಗಳ ನಂತರ ನೆನಪಿರುವುದಿಲ್ಲ.

ಬರೆದುಕೊಟ್ಟ ಹುಡುಗ ಪುಣೇಕ ಹೋಗ್ಯಾನ. ಒಂದು ಸಿಡಿ ಕೊಟ್ಟಿದ್ದ. ಅದರಾಗ ಇರೂದು ಸೋರ್ಸ್ ಹೌದೊ ಅಲ್ಲೊ ಹೆಂಗ ಗೊತ್ತಾಗತೈತಿ?

ಮೊದಲು ಸಿಡಿಯಲ್ಲಿರುವುದೆಲ್ಲವನ್ನೂ ಎರಡು ಕಡೆ ನಕಲು ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಬರೆದ ಹಳೆಯ ಸಿಡಿಗಳು ವರ್ಷಗಳು ಕಳೆದಂತೆ ಓದಲಾಗದೆ ಹೋಗುತ್ತವೆ. ನಂತರ ಫೈಲುಗಳ ಹೆಸರಿನ ಕೊನೆಯ ಭಾಗವನ್ನು ನೋಡಿ. ಪ್ರೋಗ್ರಾಂ ಬರೆದ ಭಾಷೆ ವಿಷುಯಲ್ ಫಾಕ್ಸ್‌ಪ್ರೋ ಆದರೆ ಪಿಆರ್‌ಜಿ, ಎಸ್‌ಸಿಎಕ್ಸ್, ವಿಸಿಎಕ್ಸ್, ಎಫ್‌ಆರ್‌ಎಕ್ಸ್ ಮತ್ತು ಪಿಜೆಎಕ್ಸ್ ಇರಬೇಕು; ವಿಷುಯಲ್ ಬೇಸಿಕ್ 6 ಆದರೆ ವಿಬಿಪಿ, ಎಫ್‌ಆರ್‌ಎಂ ಮತ್ತು ಬಿಎಎಸ್ ಇರಬೇಕು. ಇಎಕ್ಸ್‌ಇ, ಡಿಎಲ್‌ಎಲ್, ಒಸಿಎಕ್ಸ್, ಡಿಬಿಎಫ್ ಮಾತ್ರ ಇದ್ದರೆ ನಿಮಗೆ ಸಿಕ್ಕಿರುವುದು ಇನ್‌ಸ್ಟಾಲ್ ಮಾಡುವ ಸಿಡಿಯೇ ಹೊರತು ಸೋರ್ಸ್ ಅಲ್ಲ.

ಇಷ್ಟೆಲ್ಲ ಇದ್ದರೂ ಅದು ಪೂರ್ಣವಾಗಿದೆಯೆಂದು ನಂಬಬೇಡಿ. ಬೇರೊಬ್ಬ ಪ್ರೋಗ್ರಾಮರ್ ಬೇರೊಂದು ಕಂಪ್ಯೂಟರಿನಲ್ಲಿ ಅದರಿಂದಲೇ ಇಎಕ್ಸ್‌ಇ ಕಟ್ಟಿ ತೋರಿಸುವವರೆಗೆ ನಿಮ್ಮ ಹತ್ತಿರ ಸೋರ್ಸ್ ಇದೆಯೆಂದು ಹೇಳುವಂತಿಲ್ಲ.

ದುಡ್ಡು ಕೊಟ್ಟು ಮಾಡಿಸಿದವರು ನಾವು. ಸೋರ್ಸ್ ನಮ್ಮದೇ ಅಲ್ಲವೇ?

ತಾನಾಗಿಯೇ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 17ನೇ ಕಲಮಿನಂತೆ ಮಾಲೀಕರದ್ದು. ಹೊರಗಿನ ಗುತ್ತಿಗೆಯಲ್ಲಿ ಬರೆಸಿದ್ದರೆ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ. ಅದನ್ನು ವರ್ಗಾಯಿಸಲು 19ನೇ ಕಲಮಿನಂತೆ ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೇ ಎಣಿಸಲಾಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಹಕ್ಕು ವರ್ಗಾಯಿಸಲು ಪ್ರೋಗ್ರಾಮರ್ ಒಪ್ಪದಿದ್ದರೆ, ಒಪ್ಪದಿರಲು ಅವರಿಗೂ ಕಾರಣವಿರುತ್ತದೆ; ಒಂದೇ ಕೋಡನ್ನು ನಾಲ್ಕಾರು ಗಿರಾಕಿಗಳಿಗೆ ಕೊಟ್ಟೇ ಅವರ ಹೊಟ್ಟೆಪಾಡು ನಡೆಯುತ್ತದೆ. ಆಗ ಬೇರೊಂದು ಷರತ್ತು ಕೇಳಬಹುದು: ಪ್ರತಿ ಹೊಸ ಆವೃತ್ತಿಯೊಂದಿಗೆ ಅದರ ಸೋರ್ಸಿನ ಪ್ರತಿಯನ್ನು ಮೊಹರು ಮಾಡಿ ಇಬ್ಬರೂ ಒಪ್ಪಿದ ಮೂರನೆಯವರ ಬಳಿ ಇಡುವುದು, ಪ್ರೋಗ್ರಾಮರ್ ಕೆಲಸ ನಿಲ್ಲಿಸಿದರೆ ಮಾತ್ರ ಅದನ್ನು ತೆರೆದು ನಿಮ್ಮ ಸ್ವಂತ ಬಳಕೆಗೆ ತಿದ್ದಿಸಿಕೊಳ್ಳುವುದು. ಒಪ್ಪಂದದ ಮಾತುಗಳನ್ನು ವಕೀಲರಿಂದ ಬರೆಸಿ.

## ದಿನದ ಕೆಲಸದಲ್ಲಿ ಬರುವವು

ಆರು ಶಾಖೆಗಳಲ್ಲಿ ಯಾವ ಇಎಕ್ಸ್‌ಇ ಓಡುತ್ತಿದೆ ಎಂದು ಹೇಗೆ ತಿಳಿಯುವುದು? ಎಲ್ಲ ಕಡೆ ಫೈಲಿನ ಹೆಸರು ಒಂದೇ ಇದೆ.

ಹೆಸರನ್ನೂ ತಾರೀಖನ್ನೂ ನಂಬಬೇಡಿ. ಹೆಸರು ಎಂದೂ ಬದಲಾಗುವುದಿಲ್ಲ, ತಾರೀಖು ನಕಲು ಮಾಡಿದ ಬಗೆಗೂ ಕಂಪ್ಯೂಟರಿನ ಗಡಿಯಾರಕ್ಕೂ ತಕ್ಕಂತೆ ಬದಲಾಗಬಹುದು. ನಂಬಬಹುದಾದದ್ದು ಎರಡು. ಮೊದಲನೆಯದು ಫೈಲಿನೊಳಗೇ ಬರೆದ ಆವೃತ್ತಿ ಸಂಖ್ಯೆ, ಅದು ವಿಂಡೋಸ್‌ನಲ್ಲಿ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ಎಂಬಲ್ಲಿ ಕಾಣುತ್ತದೆ. ಎರಡನೆಯದು ಫೈಲಿನ ಹ್ಯಾಶ್. ವಿಂಡೋಸ್‌ನಲ್ಲಿ ಮೊದಲೇ ಇರುವ ಸರ್ಟ್‌ಯುಟಿಲ್ ಆದೇಶದ ಹ್ಯಾಶ್‌ಫೈಲ್ ಆಯ್ಕೆಯಿಂದ ಎಸ್‌ಎಚ್‌ಎ 256 ಹ್ಯಾಶ್ ಪಡೆಯಬಹುದು. ಅದು 64 ಅಕ್ಷರಾಂಕಿಗಳ ಸಾಲು, ಫೈಲಿನ ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ. ಆರು ಶಾಖೆಗಳಿಂದ ಆ ಸಾಲನ್ನು ತರಿಸಿಕೊಂಡರೆ ಎಷ್ಟು ಬಗೆಯ ಇಎಕ್ಸ್‌ಇ ಓಡುತ್ತಿವೆ ಎಂಬುದು ಒಂದೇ ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಆವೃತ್ತಿ ಸಂಖ್ಯೆಯನ್ನು ಲಾಗಿನ್ ಪರದೆಯ ಮೂಲೆಯಲ್ಲಿಯೂ ಪ್ರತಿ ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿಯೂ ಅಚ್ಚಾಗುವಂತೆ ಮಾಡಿಸಿ. ಪಿಗ್ಮಿ ಲೆಡ್ಜರಿನ ಪುಟವೊಂದು ವಿವಾದಕ್ಕೆ ಬಂದಾಗ ಅದು ಯಾವ ಆವೃತ್ತಿಯಿಂದ ಬಂದದ್ದೆಂದು ಕಾಗದವೇ ಹೇಳಬೇಕು.

ನಾನೊಬ್ಬನೇ ಪ್ರೋಗ್ರಾಮರ್. ದಿನಾ ಜಿಪ್ ಮಾಡಿ ಪೆನ್ ಡ್ರೈವಿನಲ್ಲಿ ಇಡುತ್ತೇನೆ. ಗಿಟ್ ನನಗೆ ಬೇಕೇ?

ದಿನದ ಜಿಪ್ ಒಳ್ಳೆಯ ಬ್ಯಾಕಪ್, ಆದರೆ ಗಿರಾಕಿಗೆ ಕೊಟ್ಟ ಇಎಕ್ಸ್‌ಇ ಯಾವ ಜಿಪ್ಪಿನದು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಬೇಡವೆಂದೇ ಇದ್ದರೆ ಕನಿಷ್ಠ ಒಂದು ಕೆಲಸ ಮಾಡಿ: ಕಟ್ಟಿದ ಇಎಕ್ಸ್‌ಇ ಮತ್ತು ಅದನ್ನು ಕಟ್ಟಿದ ಕ್ಷಣದ ಪೂರ್ತಿ ಸೋರ್ಸ್ ಎರಡನ್ನೂ ಒಂದೇ ಜಿಪ್ಪಿನಲ್ಲಿಟ್ಟು, ಆವೃತ್ತಿ ಸಂಖ್ಯೆಯ ಹೆಸರು ಕೊಟ್ಟು, ಆಮೇಲೆ ಅದನ್ನು ಮುಟ್ಟಬೇಡಿ.

ಆದರೂ ಗಿಟ್ ಒಬ್ಬರೇ ಇದ್ದವರಿಗೂ ಲಾಭದ್ದೇ. 2005ರಿಂದ ಬಳಕೆಯಲ್ಲಿರುವ ಈ ಉಚಿತ ಸಾಧನಕ್ಕೆ ಇಂಟರ್ನೆಟ್ ಬೇಕೆಂದೇನೂ ಇಲ್ಲ, ಎಲ್ಲ ಇತಿಹಾಸವೂ ನಿಮ್ಮ ಡಿಸ್ಕಿನಲ್ಲೇ ಇರುತ್ತದೆ. ಪ್ರತಿ ಕಮಿಟ್‌ಗೂ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದ ಪ್ರತಿ ಸಲಕ್ಕೂ, ಒಂದು ಗುರುತು ಸಂಖ್ಯೆ ಹುಟ್ಟುತ್ತದೆ. ಕಂಪೈಲ್ ಮಾಡುವ ಮುನ್ನ ಒಂದು ಸಣ್ಣ ಬ್ಯಾಚ್ ಫೈಲ್ ಆ ಸಂಖ್ಯೆಯನ್ನು ಓದಿ ಸೋರ್ಸಿನ ಒಂದು ಸ್ಥಿರಾಂಕದೊಳಗೆ ಬರೆಯುವಂತೆ ಮಾಡಿದರೆ, ಪ್ರೋಗ್ರಾಮಿನ ‘ಅಬೌಟ್’ ಪರದೆಯೇ ತನ್ನ ಹುಟ್ಟನ್ನು ಹೇಳುತ್ತದೆ. ಗಿಟ್‌ನ ಡಿಸ್ಕ್ರೈಬ್ ಆದೇಶಕ್ಕೆ ಡರ್ಟಿ ಆಯ್ಕೆ ಕೊಟ್ಟರೆ, ಕಮಿಟ್ ಆಗದ ತಿದ್ದುಪಡಿ ಉಳಿದಿರುವಾಗ ಸಂಖ್ಯೆಯ ಕೊನೆಗೆ ಆ ಪದವೇ ಸೇರಿಕೊಳ್ಳುತ್ತದೆ. ಅಂಥ ಇಎಕ್ಸ್‌ಇಯನ್ನು ಗಿರಾಕಿಗೆ ಕೊಡುವುದಿಲ್ಲ ಎಂಬ ಒಂದೇ ನಿಯಮ ಪಾಲಿಸಿದರೂ ಅರ್ಧಕ್ಕಿಂತ ಹೆಚ್ಚು ತೊಂದರೆ ತಪ್ಪುತ್ತದೆ. ಬ್ಯಾಚ್ ಫೈಲ್ ತುಂಬುವ ಆ ಸ್ಥಿರಾಂಕದ ಫೈಲನ್ನು ಮಾತ್ರ ಗಿಟ್‌ನಿಂದ ಹೊರಗಿಡಿ, ಇಲ್ಲವಾದರೆ ಪ್ರತಿ ಸಲವೂ ಡರ್ಟಿ ಎಂದೇ ತೋರುತ್ತದೆ.

ಗಿರಾಕಿಯ ಅಂಗಡಿಯಲ್ಲೇ ಕೂತು ತಿದ್ದಬೇಕಾಗುತ್ತದೆ. ಜನ ಸಾಲಿನಲ್ಲಿ ನಿಂತಿರುತ್ತಾರೆ. ಆಗ ಈ ಶಿಸ್ತೆಲ್ಲ ಹೇಗೆ ಸಾಧ್ಯ?

ತಿದ್ದುವುದನ್ನು ತಡೆಯಬೇಕಿಲ್ಲ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಗಿಟ್ ಪ್ರತಿ ಇದ್ದರೆ ಕಮಿಟ್ ಮಾಡಲು ನಿಮಿಷವೂ ಹಿಡಿಯದು. ಕಷ್ಟ ಬರುವುದು ಗಿರಾಕಿಯ ಯಂತ್ರದಲ್ಲೇ ಕಂಪೈಲರ್ ಹಾಕಿ, ಅಲ್ಲೇ ಸೋರ್ಸ್ ಇಟ್ಟು, ಅಲ್ಲೇ ತಿದ್ದುವ ಅಭ್ಯಾಸದಿಂದ. ಆ ಪ್ರತಿ ಆ ದಿನದಿಂದ ತನ್ನದೇ ದಾರಿ ಹಿಡಿಯುತ್ತದೆ. ಮುಧೋಳದ ಕಬ್ಬಿನ ಹಂಗಾಮಿನಲ್ಲಿ ವೇಬ್ರಿಡ್ಜ್ ಪ್ರೋಗ್ರಾಂ ರಾತ್ರಿ ಹನ್ನೊಂದಕ್ಕೆ ನಿಂತರೆ ಅದನ್ನೂ ಮಾಡಬೇಕಾಗಬಹುದು. ಹಾಗೆ ಮಾಡಿದರೆ ಹೊರಡುವ ಮುನ್ನ ತಿದ್ದಿದ ಫೋಲ್ಡರನ್ನು ಪೂರ್ತಿಯಾಗಿ ತೆಗೆದುಕೊಂಡು, ಗಿರಾಕಿಯ ಯಂತ್ರದಿಂದ ಸೋರ್ಸನ್ನು ಅಳಿಸಿ ಬನ್ನಿ. ಮರುದಿನ ಕಚೇರಿಯ ಪ್ರತಿಗೆ ಆ ತಿದ್ದುಪಡಿ ಸೇರಿಸಿ, ಕಚೇರಿಯಲ್ಲೇ ಮತ್ತೆ ಕಟ್ಟಿ, ರಾತ್ರಿಯ ಇಎಕ್ಸ್‌ಇ ಬದಲು ಅದನ್ನೇ ಹಾಕಿ. ಈ ಕೊನೆಯ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

ಹತ್ತು ಸೊಸೈಟಿಗೆ ಒಂದೇ ಪ್ರೋಗ್ರಾಂ, ಪ್ರತಿಯೊಬ್ಬರಿಗೂ ಒಂದೊಂದು ಸಣ್ಣ ಬದಲಾವಣೆ. ಹತ್ತು ಫೋಲ್ಡರ್ ಇಡಲೇ?

ಬೇಡ. ಹತ್ತು ಫೋಲ್ಡರ್ ಎಂದರೆ ಪ್ರತಿ ತಿದ್ದುಪಡಿಯನ್ನೂ ಹತ್ತು ಸಲ ಮಾಡಬೇಕು, ಆರನೆಯದಕ್ಕೆ ಬೇಸರ ಬರುತ್ತದೆ. ಸಂಘದ ಹೆಸರು, ರಶೀದಿಯ ಆಕಾರ, ದಂಡಬಡ್ಡಿಯ ನಿಯಮ ಇಂಥವನ್ನು ಸೆಟ್ಟಿಂಗ್ ಟೇಬಲ್ಲಿಗೆ ಸರಿಸಿ, ಎಲ್ಲರಿಗೂ ಒಂದೇ ಇಎಕ್ಸ್‌ಇ ಕೊಡಿ.

ಸೋರ್ಸ್ ಅಲ್ಲದೆ ಇನ್ನೇನು ಜೋಪಾನ ಮಾಡಬೇಕು?

ಅದನ್ನು ಕಟ್ಟಲು ಬೇಕಾದದ್ದೆಲ್ಲವನ್ನೂ. ಮೊದಲು ಕಂಪೈಲರ್ ಮತ್ತು ಅದರ ಸರ್ವಿಸ್ ಪ್ಯಾಕ್: ವಿಷುಯಲ್ ಫಾಕ್ಸ್‌ಪ್ರೋ 9 ಆದರೆ ಸರ್ವಿಸ್ ಪ್ಯಾಕ್ 2, ವಿಷುಯಲ್ ಬೇಸಿಕ್ 6 ಆದರೆ ಸರ್ವಿಸ್ ಪ್ಯಾಕ್ 6. ಮೈಕ್ರೋಸಾಫ್ಟ್ ಮೊದಲನೆಯದರ ಬೆಂಬಲವನ್ನು 2015ರ ಜನವರಿಯಲ್ಲಿ, ಎರಡನೆಯದರ ಅಭಿವೃದ್ಧಿ ಸಾಧನದ ಬೆಂಬಲವನ್ನು 2008ರ ಏಪ್ರಿಲ್‌ನಲ್ಲಿ ನಿಲ್ಲಿಸಿದೆ. ಆದ್ದರಿಂದ ಪರವಾನಗಿಯ ಮೂಲ ಡಿಸ್ಕುಗಳನ್ನು ಕಳೆದುಕೊಂಡರೆ ಮತ್ತೆ ಅಂಗಡಿಯಲ್ಲಿ ಸಿಗುವುದಿಲ್ಲ. ನಂತರ ಹೊರಗಿನಿಂದ ಕೊಂಡ ಒಸಿಎಕ್ಸ್‌ಗಳು (ಪ್ರೋಗ್ರಾಮಿಗೆ ಜೋಡಿಸುವ ಸಿದ್ಧ ಭಾಗಗಳು), ವರದಿ ತಯಾರಿಸುವ ಸಾಧನ, ಮತ್ತು ರಶೀದಿಗಳಲ್ಲಿ ನುಡಿ ಅಥವಾ ಬರಹದ ಹಳೆಯ ಅಕ್ಷರಗಳಿದ್ದರೆ ಆ ಫಾಂಟುಗಳು. ಆ ಫಾಂಟು ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಮೂಡುತ್ತವೆ.

ಡೇಟಾಬೇಸಿನ ರಚನೆಯೂ ಇದರ ಜೊತೆಗೇ ಇರಬೇಕು. ಹೊಸ ಕಾಲಮ್ ಸೇರಿಸಿದ ಮೇಲೆ ಹಳೆಯ ಇಎಕ್ಸ್‌ಇ ಓಡದಿರಬಹುದು. ಎಸ್‌ಕ್ಯೂಎಲ್ ಸರ್ವರ್ ಅಥವಾ ಮೈಎಸ್‌ಕ್ಯೂಎಲ್ ಬಳಸಿದ್ದರೆ ಲೆಕ್ಕಾಚಾರದ ಒಂದು ಭಾಗ ಸ್ಟೋರ್ಡ್ ಪ್ರೊಸೀಜರ್ ರೂಪದಲ್ಲಿ ಡೇಟಾಬೇಸಿನೊಳಗೇ ಇರುತ್ತದೆ. ಅದೂ ಸೋರ್ಸೇ, ಅದನ್ನೂ ಸ್ಕ್ರಿಪ್ಟ್ ಆಗಿ ಹೊರತೆಗೆದು ಗಿಟ್‌ನಲ್ಲಿಡಬೇಕು. ಇವೆಲ್ಲವನ್ನೂ ಹಾಕಿದ ಒಂದು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್) ತಯಾರಿಸಿಟ್ಟರೆ, ಹೊಸ ವಿಂಡೋಸ್‌ನಲ್ಲಿ ಹಳೆಯ ಕಂಪೈಲರ್ ಕೂರಿಸುವ ಪರದಾಟ ತಪ್ಪುತ್ತದೆ.

## ಆಳದ ಪ್ರಶ್ನೆಗಳು

ಫಾಕ್ಸ್‌ಪ್ರೋ ಫಾರ್ಮುಗಳನ್ನು ಗಿಟ್‌ಗೆ ಹಾಕಿದರೆ ಏನು ಬದಲಾಯಿತೆಂದು ಕಾಣುವುದೇ ಇಲ್ಲವಲ್ಲ?

ಫಾರ್ಮ್, ಕ್ಲಾಸ್ ಲೈಬ್ರರಿ ಮತ್ತು ವರದಿ ಫೈಲುಗಳು ಫಾಕ್ಸ್‌ಪ್ರೋದಲ್ಲಿ ಪಠ್ಯವಲ್ಲ, ಟೇಬಲ್ಲುಗಳು; ಎಸ್‌ಸಿಎಕ್ಸ್ ಜೊತೆಗೆ ಎಸ್‌ಸಿಟಿ, ಎಫ್‌ಆರ್‌ಎಕ್ಸ್ ಜೊತೆಗೆ ಎಫ್‌ಆರ್‌ಟಿ ಜೋಡಿಯಾಗಿಯೇ ಇರಬೇಕು. ಫಾಕ್ಸ್‌ಬಿನ್2ಪಿಆರ್‌ಜಿ ಎಂಬ ಉಚಿತ ಸಾಧನ ಅವನ್ನು ಓದಬಹುದಾದ ಪಠ್ಯಕ್ಕೆ ತಿರುಗಿಸುತ್ತದೆ. ಮೂಲ ಫೈಲುಗಳನ್ನು ಗಿಟ್‌ನಲ್ಲಿ ಬೈನರಿ ಎಂದು ಗುರುತಿಸಿ, ಪಠ್ಯರೂಪವನ್ನೂ ಜೊತೆಗೆ ಕಮಿಟ್ ಮಾಡಿ.

ಪ್ರಾಜೆಕ್ಟಿನಲ್ಲಿ ‘ಎಕ್ಸ್‌ಕ್ಲೂಡ್’ ಎಂದು ಗುರುತಿಸಿದ ಫೈಲುಗಳ ಮೇಲೂ ಕಣ್ಣಿರಲಿ. ಅಂಥ ವರದಿ ಇಎಕ್ಸ್‌ಇ ಒಳಗೆ ಸೇರದೆ ಗಿರಾಕಿಯ ಫೋಲ್ಡರಿನಿಂದ ಓದಲ್ಪಡುವುದರಿಂದ, ಇಎಕ್ಸ್‌ಇಯ ಹ್ಯಾಶ್ ಹೊಂದಿದರೂ ಬಿಲ್ಲು ಬೇರೆಯೇ ಅಚ್ಚಾಗಬಹುದು.

ಅದೇ ಸೋರ್ಸಿನಿಂದ ಎರಡು ಸಲ ಕಟ್ಟಿದೆ. ಹ್ಯಾಶ್ ಹೊಂದುತ್ತಿಲ್ಲ. ಸೋರ್ಸ್ ತಪ್ಪೇ?

ಇರಲಾರದು. ವಿಂಡೋಸ್ ಇಎಕ್ಸ್‌ಇಯ ತಲೆಭಾಗದಲ್ಲಿ ಕಟ್ಟಿದ ಸಮಯವನ್ನು ಬರೆಯುವ ಸ್ಥಾನವಿದೆ. ಕೆಲವು ಕಂಪೈಲರ್‌ಗಳು ಫೋಲ್ಡರಿನ ದಾರಿಯನ್ನೂ, ಪ್ರತಿ ಸಲ ಹೊಸದಾಗಿ ಹುಟ್ಟುವ ಗುರುತನ್ನೂ ಸೇರಿಸುತ್ತವೆ. ಹೀಗಾಗಿ ಒಂದೇ ಸೋರ್ಸ್ ಎರಡು ಹ್ಯಾಶ್ ಕೊಡುತ್ತದೆ. ಈಗಿನ ಸಿ ಶಾರ್ಪ್ ಕಂಪೈಲರಿನಲ್ಲಿ ಡಿಟರ್ಮಿನಿಸ್ಟಿಕ್ ಎಂಬ ಆಯ್ಕೆಯಿದ್ದು, ಸೋರ್ಸ್, ಕಂಪೈಲರ್ ಮತ್ತು ಆಯ್ಕೆಗಳು ಒಂದೇ ಇದ್ದರೆ ಬೈಟಿಗೆ ಬೈಟು ಹೊಂದುವ ಫೈಲ್ ಸಿಗುತ್ತದೆ. ಹಳೆಯ ಸಾಧನಗಳಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ಹ್ಯಾಶ್‌ನಿಂದ ತಿಳಿಯುವುದು ಕೊಟ್ಟ ಫೈಲೇ ಓಡುತ್ತಿದೆ ಎಂಬುದು ಮಾತ್ರ, ಸೋರ್ಸ್ ಹೊಂದುತ್ತದೆ ಎಂಬುದನ್ನು ನಡವಳಿಕೆಯಿಂದ ಪರೀಕ್ಷಿಸಬೇಕು.

ಹಳೆಯ ಸೋರ್ಸ್ ಸಿಕ್ಕಿದೆ. ಓಡುತ್ತಿರುವ ಪ್ರೋಗ್ರಾಮಿನದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲು ಓಡುತ್ತಿರುವ ಇಎಕ್ಸ್‌ಇ ಮತ್ತು ಡೇಟಾ ಎರಡನ್ನೂ ನಕಲು ಮಾಡಿ ಪಕ್ಕಕ್ಕಿಡಿ. ಸಿಕ್ಕ ಸೋರ್ಸನ್ನು ಒಂದಕ್ಷರವೂ ತಿದ್ದದೆ ಕಟ್ಟಿ. ಕಟ್ಟಲಾಗದಿದ್ದರೆ ಯಾವ ಫೈಲ್ ಕೊರತೆಯಿದೆ ಎಂದು ಕಂಪೈಲರೇ ಹೇಳುತ್ತದೆ. ಕಟ್ಟಿದ ಮೇಲೆ ಎರಡೂ ಇಎಕ್ಸ್‌ಇಗಳ ಮೆನುಗಳನ್ನು ಎದುರುಬದುರು ಇಟ್ಟು ನೋಡಿ. ಒಂದರಲ್ಲಿರುವ ವರದಿ ಇನ್ನೊಂದರಲ್ಲಿ ಇಲ್ಲದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಮೆನು ಹೊಂದಿದರೆ ನಿಜವಾದ ಕೆಲಸ ಶುರುವಾಗುತ್ತದೆ. ಒಂದೇ ಡೇಟಾದ ಎರಡು ಪ್ರತಿಗಳ ಮೇಲೆ ಎರಡು ಇಎಕ್ಸ್‌ಇಗಳನ್ನೂ ಓಡಿಸಿ, ವರದಿಗಳನ್ನು ಪಠ್ಯ ಫೈಲುಗಳಾಗಿ ಹೊರತೆಗೆದು, ಎಫ್‌ಸಿ ಆದೇಶದಿಂದ ಸಾಲು ಸಾಲಾಗಿ ಹೋಲಿಸಿ. ತಿಂಗಳುಗಳನ್ನು ಆಯುವುದರಲ್ಲಿ ಜಾಣತನ ಬೇಕು. ಸಾಧಾರಣ ತಿಂಗಳು ಏನನ್ನೂ ಹೊರಗೆಡಹುವುದಿಲ್ಲ. ಮಾರ್ಚ್ 31 ಮತ್ತು ಏಪ್ರಿಲ್ 1, ಅಧಿಕ ವರ್ಷದ ಫೆಬ್ರವರಿ, ತೆರಿಗೆ ದರ ಬದಲಾದ ದಿನದ ಹಿಂದು ಮುಂದು, ಅವಧಿಗೆ ಮುನ್ನ ಮುರಿಸಿದ ಪಿಗ್ಮಿ ಖಾತೆ, ಮರಳಿ ಬಂದ ಸರಕಿನ ಬಿಲ್ಲು ಇವೇ ತುರ್ತು ತಿದ್ದುಪಡಿಗಳು ನಡೆಯುವ ಜಾಗಗಳು. ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಾದರೆ ತಿಂಗಳ ನಡುವೆ ಹೊರಹೋದ ಬಾಕ್ಸುಗಳ ಬಾಡಿಗೆಯನ್ನು, ಬನಹಟ್ಟಿಯ ಮಗ್ಗದ ಮಜೂರಿಯಲ್ಲಾದರೆ ಮುಂಗಡ ಕಡಿತವನ್ನು ನೋಡಬೇಕು. ಪೈಸೆಯ ವ್ಯತ್ಯಾಸವನ್ನೂ ಬಿಡಬೇಡಿ. ಪೂರ್ಣಾಂಕಕ್ಕೆ ತರುವ ಒಂದು ಸಾಲು ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ವ್ಯತ್ಯಾಸ ಸಿಕ್ಕಲ್ಲಿ ಸೋರ್ಸನ್ನು ಓಡುತ್ತಿರುವ ಇಎಕ್ಸ್‌ಇಗೆ ಹೊಂದಿಸಿ, ಓಡುತ್ತಿರುವುದರ ಲೆಕ್ಕ ನಿಮಗೆ ತಪ್ಪೆಂದು ಕಂಡರೂ ಸರಿಯೇ. ಮೊದಲು ಹೊಂದಿಸಿ ಕಮಿಟ್ ಮಾಡಬೇಕು, ಸುಧಾರಣೆ ಅದರ ಮೇಲೆ ಇನ್ನೊಂದು ಕಮಿಟ್ ಆಗಿ ಬರಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವ ಅಂಕಿ ಏಕೆ ಬದಲಾಯಿತೆಂದು ಸಂಘದ ಲೆಕ್ಕಪರಿಶೋಧಕರಿಗೆ ವಿವರಿಸಲಾಗುವುದಿಲ್ಲ.

ಸೋರ್ಸ್ ಇಲ್ಲವೇ ಇಲ್ಲ. ಇಎಕ್ಸ್‌ಇಯಿಂದ ತೆಗೆಯಬಹುದೇ?

ಅದು ಭಾಷೆಯನ್ನು ಅವಲಂಬಿಸಿದೆ. ಫಾಕ್ಸ್‌ಪ್ರೋ ಇಎಕ್ಸ್‌ಇಯಲ್ಲಿ ಇರುವುದು ಯಂತ್ರಭಾಷೆಯಲ್ಲ, ನಡುವಿನ ಸಂಕೇತರೂಪ. ರೀಫಾಕ್ಸ್‌ನಂಥ ಸಾಧನಗಳು ಅದರಿಂದ ಬಹುಪಾಲನ್ನು ಮರಳಿ ಪಡೆಯುತ್ತವೆ. ಡಾಟ್‌ನೆಟ್ ಮತ್ತು ಜಾವಾದಲ್ಲೂ, ಕೋಡನ್ನು ಬೇಕೆಂದೇ ಮರೆಮಾಚಿರದಿದ್ದರೆ, ಫಲಿತಾಂಶ ಓದುವಂತಿರುತ್ತದೆ. ವಿಷುಯಲ್ ಬೇಸಿಕ್ 6ರಲ್ಲಿ ನೇಟಿವ್ ಕೋಡ್ (ನೇರ ಯಂತ್ರಭಾಷೆ) ಆಗಿ ಕಟ್ಟಿದ್ದರೆ, ಅಥವಾ ಸಿ ಭಾಷೆಯದಾದರೆ, ಹೊಸದಾಗಿ ಬರೆಸುವುದೇ ಅಗ್ಗ. ಎಲ್ಲದರಲ್ಲೂ ಟಿಪ್ಪಣಿಗಳು ಹೋಗಿರುತ್ತವೆ, ಆದ್ದರಿಂದ ಒಂದು ನಿಯಮ ಏಕಿದೆ ಎಂಬುದು ತಿಳಿಯುವುದಿಲ್ಲ.

ಕಾನೂನಿನ ದೃಷ್ಟಿಯಿಂದ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿದವರಿಗೆ ಬ್ಯಾಕಪ್ ಪ್ರತಿ ಮಾಡಲು, ಬೇರೆ ಪ್ರೋಗ್ರಾಂ ಜೊತೆ ಹೊಂದಿಸಿಕೊಳ್ಳಲು ಅಗತ್ಯವಾದ ಮಾಹಿತಿ ಪಡೆಯಲು ಮತ್ತು ಅದರ ಕಾರ್ಯವನ್ನು ಪರಿಶೀಲಿಸಲು ಸೀಮಿತ ಅವಕಾಶ ಕೊಡುತ್ತದೆ. ತೆಗೆದ ಕೋಡನ್ನು ಮಾರುವುದು ಅದರಲ್ಲಿ ಬರುವುದಿಲ್ಲ. ಬರೆದವರು ಸಿಗುವಂತಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ.

ನಮ್ಮದು ಪಿಎಲ್‌ಸಿ. ಯಂತ್ರದಿಂದ ಅಪ್‌ಲೋಡ್ ಮಾಡಿದರೆ ಪ್ರೋಗ್ರಾಂ ಬರುತ್ತದೆ. ಬೇರೆ ಪ್ರತಿ ಏಕೆ?

ಪಿಎಲ್‌ಸಿ ಎಂದರೆ ಕಾರ್ಖಾನೆಯ ಯಂತ್ರಗಳನ್ನು ನಡೆಸುವ ನಿಯಂತ್ರಕ. ಅದರ ಹಲವು ಮಾದರಿಗಳಲ್ಲಿ ಯಂತ್ರದಿಂದ ಮರಳಿ ಬರುವುದು ಲಾಜಿಕ್ ಮಾತ್ರ. ಟ್ಯಾಗುಗಳ ಹೆಸರು, ವಿವರಣೆಗಳು ಪ್ರಾಜೆಕ್ಟ್ ಫೈಲಿನಲ್ಲೇ ಉಳಿದಿರುತ್ತವೆ. ಪಾಸ್‌ವರ್ಡ್ ಹಾಕಿದ್ದರೆ ಅದೂ ಬರುವುದಿಲ್ಲ. ಪ್ರತಿ ತಿದ್ದುಪಡಿಯ ನಂತರ ಪ್ರಾಜೆಕ್ಟ್ ಫೈಲನ್ನು ತಾರೀಖಿನೊಂದಿಗೆ ಇಟ್ಟುಕೊಳ್ಳಿ, ಯಂತ್ರದಲ್ಲಿರುವುದಕ್ಕೂ ಅದಕ್ಕೂ ಹೋಲಿಕೆ ಮಾಡುವ ಸೌಲಭ್ಯವನ್ನು ಪ್ರೋಗ್ರಾಮಿಂಗ್ ಸಾಫ್ಟ್‌ವೇರ್‌ನಲ್ಲಿಯೇ ಹುಡುಕಿ ಬಳಸಿ.

ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಇಡಬೇಕು?

ಆ ಆವೃತ್ತಿಯಿಂದ ಬಂದ ದಾಖಲೆಗಳಿಗೆ ನೀವು ಉತ್ತರಿಸಬೇಕಾದಷ್ಟು ದಿನ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಉಳಿಸಬೇಕು, ಮೇಲ್ಮನವಿ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್ ಪ್ರತಿ ಬದಲಾವಣೆಯ ದಾಖಲೆಯನ್ನು ಇಡಬೇಕು, ಅದನ್ನು ನಿಲ್ಲಿಸಲಾಗದಂತಿರಬೇಕು. ಆ ಸೌಲಭ್ಯ ಯಾವ ಆವೃತ್ತಿಯಿಂದ ಬಂತು ಎಂದು ಲೆಕ್ಕಪರಿಶೋಧಕರು ಕೇಳಿದರೆ ತೋರಿಸಲು ಗಿಟ್‌ನಲ್ಲಿ ಆವೃತ್ತಿಯ ಹೆಸರಿನಿಂದ ಗುರುತಿಸಿಟ್ಟ (ಟ್ಯಾಗ್ ಮಾಡಿದ) ಸೋರ್ಸ್ ಮತ್ತು ಆ ದಿನ ಕೊಟ್ಟ ಇಎಕ್ಸ್‌ಇ ಎರಡೂ ಬೇಕು. ಗಾತ್ರದ ಚಿಂತೆ ಬೇಡ. ಇಂಥ ಪ್ರೋಗ್ರಾಮಿನ ಎಲ್ಲ ಆವೃತ್ತಿಗಳೂ ಒಂದು ಪೆನ್ ಡ್ರೈವಿನಲ್ಲಿ ಹಿಡಿಯುತ್ತವೆ, ಅದರ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ.